ಹೊಸ ಕ್ಲಚ್ ಪ್ಲೇಟ್ ಮತ್ತು ಪೆಡಲಿನ ಆಟ

ಕೇಳುಗರೆಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಗಳಿಂದ ಟೊಮೆಟೊ ಕ್ರೇಟ್‌ಗಳನ್ನು ಹೇರಿಕೊಂಡು ಬೆಳಗಿನ ಹರಾಜಿಗೆ ಓಡುವ ಪಿಕಪ್ ಗಾಡಿಗಳ ಮಾಲೀಕರನ್ನೂ, ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಕ್ಲಚ್ ಪ್ಲೇಟನ್ನು ಹೊಸದು ಹಾಕಿಸಿದ ಮರುದಿನವೇ ಕ್ಲಚ್ ಪೆಡಲು ಮೊದಲಿನಂತಿಲ್ಲ ಎನ್ನಿಸಿದರೆ, ಗೇರ್‌ಬಾಕ್ಸಿಗೆ ಕೈ ಹಾಕುವ ಮೊದಲು ಪೆಡಲಿನ ಆಟವನ್ನು ಅಳೆಯಿರಿ. ನಾನು ಹೇಳಬೇಕಾಗಿರುವುದು ಇದೊಂದೇ.

ಆಟವೆಂದರೆ, ಪೆಡಲನ್ನು ಬೆರಳಿನಿಂದ ಒತ್ತಿದಾಗ ಬಿಗಿ ಸಿಗುವವರೆಗೆ ಅದು ಸುಮ್ಮನೆ ಇಳಿಯುವ ದೂರ. ಕ್ಲಚ್ ಪ್ಲೇಟ್ ಸವೆದಂತೆಲ್ಲ, ಅದನ್ನು ಎಂಜಿನ್ನಿನ ಕಡೆಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳು, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಗೇರ್‌ಬಾಕ್ಸಿನ ಕಡೆಗೆ ಸರಿದು ಈ ಆಟವನ್ನು ತಿನ್ನುತ್ತವೆ. ನಾವು ಆಗಾಗ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲನ್ನು ಸಡಿಲಿಸಿ ಅದನ್ನು ಮರಳಿ ತಂದುಕೊಳ್ಳುತ್ತೇವೆ. ದಪ್ಪನೆಯ ಹೊಸ ಪ್ಲೇಟ್ ಕೂತೊಡನೆ ಆ ಬೆರಳುಗಳು ಎಂಜಿನ್ನಿನ ಕಡೆಗೆ ಹಿಂದಿರುಗುತ್ತವೆ, ಆದರೆ ಕೇಬಲ್ ಮಾತ್ರ ಹಳೆಯ ಸಡಿಲದಲ್ಲಿಯೇ ಉಳಿಯುತ್ತದೆ.

ಒಮ್ಮೆ ಸುಗ್ಗಿಯ ದಿನಗಳಲ್ಲಿ ರೈತರೊಬ್ಬರು ತಮ್ಮ ಪಿಕಪ್ಪನ್ನು ನನ್ನ ಬಳಿಗೆ ತಂದಿದ್ದರು. ಪ್ಲೇಟ್ ಬದಲಾಯಿಸಿ ಎರಡು ದಿನವಾಗಿತ್ತು. ಪೆಡಲು ನೆಲ ಮುಟ್ಟುವಷ್ಟು ಒತ್ತಿದರೂ ರಿವರ್ಸ್ ಗೇರು ಕರಕರನೆ ಕಿರುಚುತ್ತಿತ್ತು. ಪ್ಲೇಟ್ ಹಾಕಿದ ಮೆಕ್ಯಾನಿಕ್ಕು ಪ್ರೆಷರ್ ಪ್ಲೇಟೇ ಕೆಟ್ಟಿದೆ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು ಎಂದಿದ್ದರಂತೆ. ಹಿಂದೆ ಕ್ರೇಟ್‌ಗಳು ತುಂಬಿದ್ದವು, ಹಣ್ಣು ಬಿಸಿಲಿಗೆ ಮೆತ್ತಗಾಗುತ್ತಿತ್ತು. ಅವರು "ಸಾರ್, ಇವತ್ತಿನ ಹರಾಜು ಹೋದರೆ ನಾಳೆ ಇದನ್ನು ಯಾರೂ ಕೇಳೋದಿಲ್ಲ" ಎಂದರು. ಜೊತೆಗಿದ್ದ ಅವರ ಮಗನ ಶಾಲೆಯ ಚೀಲದಿಂದ ಸ್ಕೇಲ್ ತೆಗೆಸಿಕೊಂಡು ಪೆಡಲಿನ ಪಕ್ಕ ನಿಲ್ಲಿಸಿ ಕೈಯಿಂದ ಒತ್ತಿದೆ. ಆಟ 60 ಮಿಲಿಮೀಟರ್ ಇತ್ತು; ಆ ಗಾಡಿಯ ಕೈಪಿಡಿಯಲ್ಲಿದ್ದದ್ದು ಸುಮಾರು 20. ಪೆಡಲು ಇಳಿಯುವ ದೂರದ ದೊಡ್ಡ ಪಾಲು ಸಡಿಲ ಎಳೆಯುವುದಕ್ಕೇ ಖರ್ಚಾಗುತ್ತಿದ್ದರೆ ಪ್ಲೇಟ್ ಎಂಜಿನ್ನಿನ ಹಿಡಿತದಿಂದ ಪೂರ್ತಿ ಬಿಡುವುದಾದರೂ ಹೇಗೆ? ಲಾಕ್ ನಟ್ಟನ್ನು ಸಡಿಲಿಸಿ, ಅಡ್ಜಸ್ಟಿಂಗ್ ನಟ್ಟನ್ನು ಒಂದೆರಡು ಸುತ್ತು ತಿರುಗಿಸುವುದು, ಪೆಡಲನ್ನು ನಾಲ್ಕೈದು ಸಲ ತುಳಿದು ಮತ್ತೆ ಅಳೆಯುವುದು, ಹೀಗೆ ಮೂರು ಸಲ ಮಾಡಿದ ಮೇಲೆ ರಿವರ್ಸ್ ಸದ್ದಿಲ್ಲದೆ ಬಿತ್ತು. ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಸ್ಕೇಲಿಗೆ ಗ್ರೀಸ್ ಮೆತ್ತಿತೆಂದು ಹುಡುಗ ಮುಖ ಊದಿಸಿಕೊಂಡಿದ್ದ.

ಈ ಕಥೆ ತುಸು ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಟವನ್ನು ಪೂರ್ತಿ ಇಲ್ಲವಾಗಿಸಿ ಬಿಗಿ ಮಾಡುವುದೂ ತಪ್ಪು. ಪೆಡಲು ಒತ್ತಿದಾಗ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ತಳ್ಳುವ ರಿಲೀಸ್ ಬೇರಿಂಗ್ ಸದಾ ತಾಗಿಕೊಂಡು ಸುತ್ತುತ್ತದೆ, ಪ್ಲೇಟ್ ಜಾರಿ ಸುಟ್ಟ ವಾಸನೆ ಬರುತ್ತದೆ. ಪೆಡಲು ಗಟ್ಟಿಯಾಗಿದ್ದರೆ ಕೇಬಲಿನ ತಂತಿಯ ಎಳೆಗಳು ಕಿತ್ತಿವೆಯೇ, ಆ ಬೇರಿಂಗನ್ನು ತಳ್ಳುವ ಫೋರ್ಕ್ ಕೂರುವ ಜಾಗದಲ್ಲಿ ಗ್ರೀಸ್ ಇದೆಯೇ ನೋಡಿ. ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಕ್ಲಚ್ಚಾದರೆ, ಪೆಡಲು ಮೆತ್ತಗಿದ್ದು ನಾಲ್ಕೈದು ಸಲ ತುಳಿದ ಮೇಲೆ ಬಿಗಿಯಾಗುವುದು ಪೈಪಿನಲ್ಲಿ ಗಾಳಿ ಸೇರಿರುವುದರ ಗುರುತು, ಏರ್ ತೆಗೆಸಿ. ಅಲ್ಲಿಯೂ ಗೇರ್‌ಬಾಕ್ಸ್ ಇಳಿಸುವ ಮಾತು ಆಮೇಲೆ.

ಆಟ ಸರಿಯಿದ್ದು, ಕೇಬಲ್ ಚೆನ್ನಾಗಿದ್ದು, ಆದರೂ ಗೇರು ಬೀಳದಿದ್ದರೆ ಮಾತ್ರ ಪ್ಲೇಟನ್ನು ತಿರುಗಾಮುರುಗಾ ಕೂರಿಸಿರಬಹುದೆಂದು ಸಂಶಯಪಡಿ. ಪ್ಲೇಟಿನ ನಡುವೆ ಸ್ಪ್ರಿಂಗುಗಳಿರುವ ಉಬ್ಬು ಭಾಗ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿಗೆ ತಾಗಿದರೆ ಪ್ಲೇಟ್ ಬಿಡುವುದಿಲ್ಲ. ಫ್ಲೈವೀಲಿನ ಕಡೆ ಯಾವುದು ಎಂದು ಬಹಳಷ್ಟು ಪ್ಲೇಟ್‌ಗಳ ಮೇಲೆಯೇ ಅಚ್ಚಾಗಿರುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ಅದನ್ನು ಓದದೆ ಕೂರಿಸಿ, ಗೇರ್‌ಬಾಕ್ಸನ್ನು ಒಂದೇ ದಿನ ಎರಡು ಸಲ ಇಳಿಸಿದವನು ನಾನೇ. ನಮಸ್ಕಾರ.