ಪರೀಕ್ಷೆ, ಹೋಳಿಗೆ, ಅಪ್ಪೆಮಿಡಿ: ಶಿವಮೊಗ್ಗದ ನಮ್ಮ ಮನೆಯ ಒಂದು ತಿಂಗಳು

ನಮಸ್ಕಾರ ಎಲ್ಲರಿಗೂ. ಎಲ್ಲಿ ಹೋದ್ರಿ, ವಿಡಿಯೋನೇ ಇಲ್ಲ ಅಂತ ಕೇಳ್ತಾ ಇದ್ದಿರಿ. ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದೆ. ಶೂಟ್ ಮಾಡಿದ್ದೆ, ಎಡಿಟ್ ಮಾಡಲು ಪುರಸೊತ್ತೇ ಸಿಗಲಿಲ್ಲ. ಈ 2025ರ ಮಾರ್ಚ್ ಕೊನೆ, ಏಪ್ರಿಲ್ ಶುರು ಹೇಗೆ ಹೋಯಿತೋ ಗೊತ್ತಿಲ್ಲ. ಮೊಬೈಲಲ್ಲಿ ಬಿದ್ದಿದ್ದ ತುಣುಕುಗಳನ್ನೆಲ್ಲ ಸೇರಿಸಿ ಇವತ್ತು ಮಾತಾಡುತ್ತಿದ್ದೇನೆ. ಹಿಂದೆ ಗರಗರ ಅನ್ನುತ್ತಿರುವುದು ಫ್ಯಾನು. ಅದನ್ನು ಆಫ್ ಮಾಡಿ ಮಾತಾಡಿ ಅಂತ ಮಾತ್ರ ಹೇಳಬೇಡಿ. ಹೊರಗೆ 37 ಡಿಗ್ರಿ ಇದೆ.

ಇದು ಮಾರ್ಚ್ 21ರ ಬೆಳಿಗ್ಗೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದ ದಿನ. ರಟ್ಟಿನಿಂದ ಮುಖ ಮುಚ್ಚಿಕೊಂಡು ಓಡುತ್ತಿರುವುದು ಅವಳೇ. ಪರೀಕ್ಷೆ ಕೊಠಡಿಗಳಲ್ಲೂ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಾರೆ ಈಗ. "ಅಲ್ಲೂ ಕ್ಯಾಮೆರಾ, ಇಲ್ಲೂ ಕ್ಯಾಮೆರಾ, ನಾನೇನು ಕಳ್ಳಿನಾ ಅಮ್ಮಾ?" ಅಂತ ರೇಗಿದಳು. ನ್ಯಾಯವೇ ಬಿಡಿ. ಅದಕ್ಕೇ ಪರೀಕ್ಷೆಗೆ ಹೊರಡುವಾಗಿನ ಶಾಟ್ ಇದೊಂದೇ ಇರುವುದು. 2025ರಲ್ಲಿ ಪರೀಕ್ಷೆ 1, 2, 3 ಅಂತ ಮೂರು ಅವಕಾಶ ಇತ್ತು ಅಲ್ವಾ? ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು "ಹೆದರಬೇಡ ಪುಟ್ಟಿ, ಇನ್ನೂ ಎರಡಿದೆ" ಅಂದರು. ಬರೆಯಲು ಹೊರಟ ಮಗುವಿಗೆ ಹೇಳುವ ಮಾತಾ ಅದು? ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಆದರೂ.

ಸಂಜೆ ಅತ್ತೆ ಬಂದರು, ಸಾಗರದ ಕಡೆಯಿಂದ. ಮೊಮ್ಮಗಳ ಪರೀಕ್ಷೆಗೆ ಬಂದಿದ್ದು ಅಂತ ಹೇಳಿದರು, ನಿಜವಾಗಿ ಬಂದಿದ್ದು ಉಪ್ಪಿನಕಾಯಿಯ ಮಾವಿನ ಮಿಡಿಗೆ. ಬಂದವರೇ ಬಸ್ಸಿನ ಕಥೆ ಶುರು ಮಾಡಿದರು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಎರಡು ವರ್ಷ ಆಗುತ್ತಾ ಬಂತು, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಮಲೆನಾಡಲ್ಲಿ ಹಳ್ಳಿ ಕಡೆ ಜಾಸ್ತಿ ಓಡುವುದು ಪ್ರೈವೇಟ್ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ "ಫೋಟೋ ಚೆನ್ನಾಗಿದೆ ಅಮ್ಮ, ಟಿಕೆಟ್ ತಗೊಳ್ಳಿ" ಅಂತಾರೆ. ಅತ್ತೆಗೆ ಇನ್ನೂ ಸಿಟ್ಟು ಇಳಿದಿಲ್ಲ.

ಹಾಂ, ಮಿಡಿ. ಮಾರನೇ ದಿನ ಶನಿವಾರ. ಮಗಳಿಗೆ ಸೋಮವಾರ ಗಣಿತ. ಮನೆಯಲ್ಲಿ ಇರುತ್ತೇನೆ ಅಂತ ನಾನು, ಹೊರಡು ಅಂತ ಅತ್ತೆ. "ಗಣಿತ ಬರೆಯೋದು ಅವಳು, ನೀನಲ್ಲ. ಇನ್ನೊಂದು ವಾರ ಬಿಟ್ಟರೆ ಗೊರಟು ಬಲಿಯತ್ತೆ." ಮಗಳೂ "ಹೋಗಮ್ಮಾ, ನೀನು ಇಲ್ಲದಿದ್ರೆ ಓದಕ್ಕೆ ಆರಾಮು" ಅಂದಳು. ಇಷ್ಟು ಕೇಳಿದ ಮೇಲೆ ಇರುವುದು ಹೇಗೆ? ಇವರು ಕಾರು ತೆಗೆದರು.

ಇದೇ ರಿಪ್ಪನ್‌ಪೇಟೆ, ಮಿಡಿ ಕೊಳ್ಳಲು ನಾವು ಬಂದ ಊರು. ಅಪ್ಪೆಮಿಡಿ ಅಂದರೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಉಪ್ಪಿನಕಾಯಿಗೆಂದೇ ಇರುವ ಕಾಡುಮಾವು. ಹೆಚ್ಚಾಗಿ ಹೊಳೆದಂಡೆಗಳಲ್ಲಿ ಬೆಳೆಯುತ್ತದೆ. ಹಣ್ಣಾಗಲು ಬಿಡುವುದಿಲ್ಲ, ಎಳೆಯದರಲ್ಲೇ ಕೊಯ್ಯುತ್ತಾರೆ. ಸೊನೆ ಜಾಸ್ತಿ, ಹುಳಿ ಜಾಸ್ತಿ, ಅದಕ್ಕೇ ವರ್ಷಗಟ್ಟಲೆ ಕೆಡದೆ ಇರುತ್ತದೆ. ಈ ಕಡೆಯದ್ದೇ ಬೆಳೆ ಅಂತ ಗುರುತಿಸುವ ಜಿಐ ಮಾನ್ಯತೆಯೂ ಇದೆ. ಒಂದೊಂದು ಮರದ್ದು ಒಂದೊಂದು ಪರಿಮಳ. ಮಾಳಂಜಿ, ಅನಂತಭಟ್ಟನ ಅಪ್ಪೆ ಅಂತೆಲ್ಲ ಮರಕ್ಕೇ ಹೆಸರು. ನನಗೆ ಇಷ್ಟ ಜೀರಿಗೆ ಮಿಡಿ. ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿದರೆ ಜೀರಿಗೆ ವಾಸನೆ ಬರುತ್ತದೆ, ಉತ್ಪ್ರೇಕ್ಷೆ ಅಲ್ಲ.

ಈಗ ಅತ್ತೆ ಕೈ ನೋಡಿ. ಚೀಲದಿಂದ ಒಂದು ಮಿಡಿ ತೆಗೆದು, ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗೆ ಗೊರಟು ಬೆಳ್ಳಗೆ, ಮೆತ್ತಗೆ ಇರಬೇಕು. ಉಗುರು ಒತ್ತಿದರೆ ಇಳಿಯಬೇಕು. ಸೊನೆ ಹೇಗೆ ಚಿಮ್ಮಿತು ನೋಡಿದ್ರಾ? ಅದು ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ. ಇವರ ಮುಂಗೈ ಮೇಲೆ ಇನ್ನೂ ಇದೆ. ಏನೂ ಮುಟ್ಟದೆ ಸುಮ್ನೆ ಪಕ್ಕದಲ್ಲಿ ನಿಂತಿದ್ದಕ್ಕೆ ಅವರಿಗೆ ಸಿಕ್ಕಿದ್ದು ಅದು.

ರೇಟು ಕೇಳಿ. ಸಾದಾ ಅಪ್ಪೆ ಒಂದಕ್ಕೆ 5 ರೂಪಾಯಿ. ಜೀರಿಗೆಯದ್ದು 8. ಕೆಜಿಗಲ್ಲ, ಒಂದಕ್ಕೆ! ಹೆಬ್ಬೆರಳಿನಷ್ಟು ಕಾಯಿಗೆ! ಅತ್ತೆ "ಹೋದ ವರ್ಷ ಮೂರು ರೂಪಾಯಿಗೆ ಕೊಟ್ಟಿದ್ಯಲ್ಲಪ್ಪಾ" ಅಂದರು. ಆತ "ಹೋದ ವರ್ಷ ನಾನು ಇಲ್ಲಿ ಕೂತೇ ಇರ್ಲಿಲ್ಲ ಅಮ್ಮಾ" ಅಂದ. ಹಗಲು ದರೋಡೆ ಅಂತ ಆಗ ನಾನು ಕ್ಯಾಮೆರಾಗೇ ಹೇಳಿದ್ದೇನೆ, ಕೇಳಿಸುತ್ತಿದೆ ಅಲ್ವಾ? ಆಮೇಲೆ ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ವಿವರಿಸಿದರು. ಈ ಮರಗಳು ದೊಡ್ಡವು, ಎತ್ತರ. ಹಗ್ಗ ಕಟ್ಟಿಕೊಂಡು ಹತ್ತಬೇಕು. ಬುಟ್ಟಿಯಲ್ಲಿ ಇಳಿಸಬೇಕು. ಉದುರಿಸಿದರೆ ಪೆಟ್ಟು ಬಿದ್ದ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ. ಹತ್ತುವವರು ಈಗ ಸಿಗುವುದೇ ಕಷ್ಟ, ಮರ ಒಂದು ವರ್ಷ ಕೊಟ್ಟರೆ ಇನ್ನೊಂದು ವರ್ಷ ಕೊಡುವುದಿಲ್ಲ. ಕೆಲವರು ಹತ್ತುವ ಗೋಜೇ ಬೇಡ ಅಂತ ಕೊಂಬೆಯನ್ನೇ ಕಡಿದು ಬೀಳಿಸುತ್ತಾರೆ, ಆ ಮರದ ಕಥೆ ಅಲ್ಲಿಗೇ ಮುಗಿಯಿತು. ಇಷ್ಟು ಕೇಳಿ ನನಗೆ 5 ರೂಪಾಯಿ ಕಮ್ಮಿಯೇ ಅನಿಸಿತು. ಜೀವ ಒತ್ತೆ ಇಟ್ಟು ಹತ್ತಿದವನಿಗೆ ಅದರಲ್ಲಿ ಎಷ್ಟು ಸಿಗುತ್ತದೋ.

ಐನೂರು ಮಿಡಿ ಹೇಳಿದೆವು. 2500 ರೂಪಾಯಿ. ಕೊಟ್ಟೆವು.

ಈಗ ಎಣಿಸುವುದನ್ನು ಗಮನ ಇಟ್ಟು ನೋಡಿ, ಇದಕ್ಕೇ ನಾನು ಈ ವಿಡಿಯೋ ಮಾಡಿದ್ದು ಅಂದರೂ ತಪ್ಪಿಲ್ಲ. ಒಂದು ಹಿಡಿಗೆ ಐದು ಮಿಡಿ. ಒಂದು ಅನ್ನುವುದಿಲ್ಲ, ಲಾಭ ಅಂತ ಶುರು ಮಾಡುತ್ತಾರೆ. ಲಾಭ, ಎರಡು, ಮೂರು... ಇಪ್ಪತ್ತು ಹಿಡಿ ಆದರೆ ನೂರು. ಕೈ ಎಷ್ಟು ಚುರುಕು ಅಂದರೆ ನೋಡುತ್ತಾ ನಿಂತುಬಿಡಬೇಕು. ಎಣಿಸುತ್ತಾ ಎಣಿಸುತ್ತಾ ಮಾತು ಬೇರೆ. "ಎಲ್ಲಿಂದ ಬಂದ್ರಿ ಅಮ್ಮಾ? ಶಿವಮೊಗ್ಗದಲ್ಲಿ ಎಲ್ಲಿ?" ಅತ್ತೆ ಉತ್ತರ ಕೊಡುತ್ತಾ ಹೋದರು. ಮನೆಗೆ ಬಂದು ಎಡಿಟ್ ಮಾಡುವಾಗ ನನಗೆ ಅನುಮಾನ ಬಂತು. ನಿಧಾನ ಮಾಡಿ ಹಾಕಿದೆ. ಇಲ್ಲಿ. ಆರು. ಏಳು. "ವಿನೋಬನಗರದಲ್ಲಿ ನಮ್ಮ ಭಾವನೂ ಇದಾರೆ." ಒಂಬತ್ತು!

ಎಂಟು ಎಲ್ಲಿ ಹೋಯಿತು? ಮತ್ತೆ ತೋರಿಸುತ್ತೇನೆ, ನೋಡಿ. ಏಳು, ಭಾವ, ಒಂಬತ್ತು. ನಮ್ಮ ಎಂಟನೇ ಹಿಡಿಯನ್ನು ಆತನ ಭಾವ ತಿಂದುಬಿಟ್ಟ. ಇವರಿಗೆ ತೋರಿಸಿದರೆ "ಐದು ಮಿಡಿ, ಇಪ್ಪತ್ತೈದು ರೂಪಾಯಿ, ಬಿಡೇ" ಅಂದರು. ಮಾತು ಇಪ್ಪತ್ತೈದು ರೂಪಾಯಿಯದ್ದಾ? ಅಲ್ಲ. ಕ್ಯಾಮೆರಾ ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ಅಷ್ಟು ಧೈರ್ಯ! ಅತ್ತೆ ಮಾತ್ರ ವಿಡಿಯೋ ನೋಡಿ ನಕ್ಕರು. "ನಮ್ಮಪ್ಪ ಅಡಿಕೆ ಎಣಿಸುವಾಗ ಯಾರಾದ್ರೂ ಮಾತಾಡಿಸಿದ್ರೆ ಬೈತಿದ್ರು, ಇದಕ್ಕೇ" ಅಂದರು. ಹೇಳಬೇಕಾದ್ದು ಆಗಲೇ ಅಲ್ವಾ ಅತ್ತೆ?

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆ. ಮನೆಯಲ್ಲಿ ಚೀಲ ಸುರಿದಾಗ ಮೇಲೆ ಚೆನ್ನಾಗಿರುವುದು, ಅಡಿಯಲ್ಲಿ ತೊಟ್ಟು ಕಿತ್ತುಹೋದದ್ದು. ತೊಟ್ಟು ಒಂದು ಬೆರಳು ಅಗಲದಷ್ಟಾದರೂ ಇರಬೇಕು. ಇಲ್ಲದಿದ್ದರೆ ಸೊನೆ ಸೋರಿಹೋಗಿ ಮಿಡಿ ಮೆತ್ತಗಾಗುತ್ತದೆ. ಆ ಪರಿಮಳವೂ ಹೋಗುತ್ತದೆ. ಹೆಚ್ಚುಕಮ್ಮಿ ನೂರು ಹಾಗೆ ಬಂತು. ಈ ಬಟ್ಟಲಲ್ಲಿ ರಾಶಿ ಬಿದ್ದಿರುವುದು ಅವೇ. 500 ರೂಪಾಯಿ. ದರೋಡೆ ಅಂದಿದ್ದನ್ನು ವಾಪಸ್ ತಗೊಂಡಿದ್ದೆ ಅಲ್ವಾ? ಅದನ್ನು ಮತ್ತೆ ಹಾಕಿಕೊಳ್ಳಿ. ಮರ ಹತ್ತಿದವನಿಗಲ್ಲ, ಎಣಿಸಿದವನಿಗೆ.

ತೊಟ್ಟಿಲ್ಲದ್ದನ್ನು ಎಸೆಯಲಿಲ್ಲ. ಬೇಯಿಸಿ, ಕಿವುಚಿ, ನೀರು ಹಾಕಿ, ಇಂಗು ಹಸಿಮೆಣಸಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಊಟ ಆದ ಮೇಲೆ ಒಂದು ಲೋಟ ಕುಡಿದರೆ ನಿದ್ದೆ ಎಳೆಯುತ್ತದೆ. ಮಗಳಿಗೆ ಪರೀಕ್ಷೆ ಮುಗಿಯುವ ತನಕ ಕೊಡಲಿಲ್ಲ. ಇವರು ಅವಳ ಪಾಲನ್ನೂ ಕುಡಿದು ಭಾನುವಾರ ಪೂರ್ತಿ ಮಲಗಿದರು, ಶಾಟ್ ಇದೆ, ಹಾಕಬೇಡ ಅಂದಿದ್ದಾರೆ.

ಉಪ್ಪಿಗೆ ಹಾಕಿದ್ದು ಇಲ್ಲಿದೆ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ನೀರು ಸೋಕಿಸಬಾರದು. ಮುಂದಕ್ಕೆ ಹೋಗೋಣ.

ಯುಗಾದಿ! ಮಾರ್ಚ್ 30, ಭಾನುವಾರ. ಹಿಂದಿನ ದಿನ ಮಗಳದ್ದು ಸಮಾಜ ವಿಜ್ಞಾನ ಮುಗಿದಿತ್ತು, ಏಪ್ರಿಲ್ 2ಕ್ಕೆ ವಿಜ್ಞಾನ. ಹಾಗಾಗಿ ಹಬ್ಬದ ದಿನ ಒಂದು ಕಡೆ ಹೂರಣ ರುಬ್ಬುವ ಸದ್ದು, ಇನ್ನೊಂದು ಕಡೆ ಮಸೂರದ ಫೋಕಲ್ ಲೆಂತ್. ಗಾಂಧಿ ಬಜಾರಲ್ಲಿ ಬೇವಿನ ಹೂವು, ಮಾವಿನ ಸೊಪ್ಪು ಕಟ್ಟಿ ಮಾರುತ್ತಿದ್ದರು, 20 ರೂಪಾಯಿ. ನಮ್ಮ ಬೀದಿ ತುದಿಯಲ್ಲೇ ಬೇವಿನ ಮರ ಇದೆ. ಆದರೂ ಇವರು ದುಡ್ಡು ಕೊಟ್ಟು ತಂದರು, ಬೆಳಿಗ್ಗೆ ಹತ್ತಿ ಕೀಳಲು ಸೋಮಾರಿತನ. ಹೋಳಿಗೆ ಲಟ್ಟಿಸುವುದು ನಿಮಗೇ ಕಾಣಿಸುತ್ತಿದೆ. ಮೊದಲನೆಯದು ಯಾವಾಗಲೂ ಹರಿಯುತ್ತದೆ, ಅದು ನನ್ನ ಪಾಲು. ಸಂಜೆ ಪಂಚಾಂಗ ಓದುವಾಗ ವಿಶ್ವಾವಸು ಸಂವತ್ಸರದಲ್ಲಿ ಮಳೆ ಎಷ್ಟು ಅಂತ ಅತ್ತೆ ಕೇಳಿದರು, ಮಗಳು ಮಾರ್ಕ್ಸ್ ಎಷ್ಟು ಅಂತ ಕೇಳಿದಳು.

ಮಾರನೇ ದಿನ ರಂಜಾನ್. ಎದುರು ಮನೆಯಿಂದ ಶೀರ್ ಖುರ್ಮಾ ಬಂತು, ಇಲ್ಲಿಂದ ಹೋಳಿಗೆ ಹೋಯಿತು. ನಿಜ ಹೇಳುತ್ತೇನೆ, ಲಾಭ ನಮಗೇ ಆಯಿತು. ಆ ಖರ್ಜೂರ, ಆ ಚಾರೋಳಿ... ಆಹಾ.

ಅದರ ಮಾರನೇ ದಿನ ಏಪ್ರಿಲ್ 1. ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಏಪ್ರಿಲ್ ಫೂಲ್ ಅಂತ ಅತ್ತೆ ನಂಬಲಿಲ್ಲ. ನಮಗೆ ದಿನಕ್ಕೆ ಎರಡು ಲೀಟರ್ ಬೇಕು, ಅಂದರೆ ತಿಂಗಳಿಗೆ 240 ರೂಪಾಯಿ ಹೆಚ್ಚು. ಕರೆಂಟೂ ಯೂನಿಟ್ಟಿಗೆ 36 ಪೈಸೆ ಏರಿತು. ಹಾಲಿನದ್ದು ಹಸು ಕಟ್ಟಿದವರ ಕೈಗೆ ಹೋಗುತ್ತದೆ ಅಂದರೆ ನನ್ನ ತಕರಾರಿಲ್ಲ. ಕರೆಂಟಿನದ್ದಕ್ಕೆ ತಕರಾರಿದೆ, ಯಾಕೆಂದರೆ ಆವತ್ತೇ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇರಲಿಲ್ಲ.

ಏಪ್ರಿಲ್ 4. ಕೊನೆ ಪೇಪರ್. ಗೇಟಿನಿಂದಲೇ ಬ್ಯಾಗ್ ಎಸೆದಿದ್ದು ನೋಡಿ. ಪುಸ್ತಕ ಎಲ್ಲ ಮಾರಬೇಕು ಅಂತ ಅವಳು, ಫಲಿತಾಂಶ ಬರಲಿ ಅಂತ ನಾನು. ಆ ಪುಸ್ತಕಗಳು ಈಗ ಏನಾಗಿವೆ ಅಂದರೆ, ಭರಣಿ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ತಟ್ಟೆ, ತಟ್ಟೆ ಮೇಲೆ ಭಾರಕ್ಕೆ ಗಣಿತ ಒಂದು, ಗಣಿತ ಎರಡು. ಅತ್ತೆ ಐಡಿಯಾ.

ರಾಮನವಮಿಗೆ ಪಾನಕ, ಕೋಸಂಬರಿ, ಮಜ್ಜಿಗೆ. ಇದು ರಸ್ತೆ ತುದಿಯ ಪೆಂಡಾಲು. ಪಾನಕಕ್ಕೆ ಕರಿಮೆಣಸು ಜಾಸ್ತಿ ಹಾಕಿದ್ದರು, ಹಾಗೆ ಇದ್ದರೇ ಚೆನ್ನ.

ಹತ್ತನೇ ತಾರೀಕಿನ ಹೊತ್ತಿಗೆ ಚಿಕ್ಕ ಮಕ್ಕಳಿಗೂ ರಜೆ. ನಾದಿನಿ ಮಕ್ಕಳಿಬ್ಬರು ಬೆಂಗಳೂರಿನಿಂದ ಬಂದಿಳಿದರು, ಮೇ 29ಕ್ಕೆ ಶಾಲೆ ಶುರು. ಅಲ್ಲಿಯವರೆಗೂ ಇಲ್ಲೇನಾ ಅಂತ ನಾನು ಕೇಳಲಿಲ್ಲ. ಇವರು ಕೇಳಿದರು, ತಂಗಿ ಕೈಲಿ ಬೈಸಿಕೊಂಡರು. ಮಕ್ಕಳಿಗೆ ಕೆಲಸ ಕೊಟ್ಟರೆ ಸರಿಹೋಗುತ್ತದೆ ಅಂತ ಅತ್ತೆ ಹಲಸಿನಕಾಯಿ ಹಪ್ಪಳಕ್ಕೆ ಕೂರಿಸಿದರು. ತೊಳೆ ಬಿಡಿಸಿ, ಬೇಯಿಸಿ, ಒನಕೆಯಲ್ಲಿ ಕುಟ್ಟಿದ ಹಿಟ್ಟು ಇದು. ಬಿಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಹಾಗೇ ತಿನ್ನುತ್ತಾರೆ, ಹಪ್ಪಳಕ್ಕಿಂತ ಅದೇ ರುಚಿ. ಅದಕ್ಕೇ ಇಷ್ಟು ದೊಡ್ಡ ಹಲಸಿನಕಾಯಿಗೆ ಇಷ್ಟೇ ಹಪ್ಪಳ. ದೊಡ್ಡವನ ಗಲ್ಲ ನೋಡಿ, ಬಾಯಲ್ಲಿ ಉಂಡೆ ಇಟ್ಟುಕೊಂಡೇ "ನಾನು ತಿಂದಿಲ್ಲ ಅಜ್ಜಿ" ಅಂತಿದ್ದಾನೆ.

ಎರಡನೇ ದಿನ ಟೆರೇಸಿನಲ್ಲಿ ಒಣಗಿಸಿದಾಗ ಮೋಡ. ಓಡಿದೆವು, ಉಳಿಸಿಕೊಂಡೆವು. ಕ್ಯಾಮೆರಾ ಅಲ್ಲೇ ಬಿಟ್ಟಿದ್ದೆ, ಅದಕ್ಕೇ ಈ ಶಾಟಲ್ಲಿ ಬರೀ ಆಕಾಶ, ಕಿರುಚಾಟ.

ಸರಿ, ಮಿಡಿ ಕಡೆಗೆ ಬರೋಣ, ಕೊನೆ ಶಾಟು. ಹೀಗೆ ಮುರುಟಬೇಕು, ಅಂಗೈಯಲ್ಲಿ ಹಿಡಿದರೆ ಸುಕ್ಕು ಸಿಗಬೇಕು. ಉಪ್ಪುನೀರು ಕುದಿಸಿ ಆರಿಸಿದ್ದಾಯಿತು. ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಅದರಲ್ಲೇ ರುಬ್ಬಿದ್ದು. ಮಸಾಲೆಗೆ ಮೂಗು ಹತ್ತಿರ ಇಟ್ಟು ಮಗಳು ಕೆಮ್ಮುತ್ತಿದ್ದಾಳೆ, ಎಡಿಟಲ್ಲಿ ತೆಗೆಯಲ್ಲ. ತುಂಬುವ ಮುಂಚೆ ಇವರೇ ಕೂತು ಮಿಡಿ ಎಣಿಸಿದರು, ಲಾಭದಿಂದ ಶುರು ಮಾಡಿ. ಯಾರೂ ಮಾತಾಡಿಸಬೇಡಿ ಅಂತ ಹೇಳಿ ಬಾಗಿಲು ಹಾಕಿಕೊಂಡಿದ್ದರು.

ನಾದಿನಿಗೆ ಒಂದು ಬಾಟಲಿ ಕಳಿಸಬೇಕು. ಕೊರಿಯರ್‌ನವರು ಎಣ್ಣೆ, ಉಪ್ಪಿನಕಾಯಿ ಬೇಡವೇ ಬೇಡ ಅಂದರು. ಇದರಲ್ಲಿ ಎಣ್ಣೆಯೇ ಇಲ್ಲ ಅಂದರೂ ಕೇಳಲಿಲ್ಲ. ಇವರಿಗೆ ಮುಂದಿನ ವಾರ ಬೆಂಗಳೂರಲ್ಲಿ ಕೆಲಸ ಇದೆ, ಜನಶತಾಬ್ದಿಯಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋಗಲಿ. ಬಾಟಲಿ ಮುಚ್ಚಳ ಸ್ವಲ್ಪ ಸಡಿಲ ಇದೆ, ಅವರಿಗಿನ್ನೂ ಹೇಳಿಲ್ಲ. ಸರಿ, ಮೊಬೈಲ್ ಚಾರ್ಜ್ 4 ಪರ್ಸೆಂಟಿಗೆ ಬಂತು, ಬರ್ತೀನಿ.