ಹಿಲ್ಸಾ ಬಂಗಾಳದ ಮೀನಾದದ್ದು ಯಾವಾಗ?

ನಮಸ್ಕಾರ. ಬೆಂಗಳೂರಿನಲ್ಲಿ ಸಿಂಧಿಗಳ ಅಂಗಡಿಗೆ ಹೋದವರು ಗಲ್ಲಾಪೆಟ್ಟಿಗೆಯ ಮೇಲೆ ಒಂದು ಪಟವನ್ನು ನೋಡಿರಬಹುದು. ಬಿಳಿಗಡ್ಡದ ವೃದ್ಧರೊಬ್ಬರು ಕೈಯಲ್ಲಿ ಗ್ರಂಥ ಹಿಡಿದು ನದಿಯ ನಡುವೆ ಕಮಲದ ಮೇಲೆ ಕುಳಿತಿದ್ದಾರೆ, ಅವರನ್ನು ಹೊತ್ತಿರುವುದು ಒಂದು ಮೀನು. ಅವರು ಸಿಂಧಿಗಳ ಆರಾಧ್ಯದೈವ ಝೂಲೇಲಾಲ್, ಆ ಮೀನು ಪಲ್ಲಾ. ಬಂಗಾಳಿಗಳು ಇಲಿಶ್ ಎಂದು ಕರೆಯುವ, ನಾವು ಪತ್ರಿಕೆಗಳಲ್ಲಿ ಹಿಲ್ಸಾ ಎಂದು ಓದುವ ಮೀನೇ ಅದು.

ಸಮುದ್ರದಿಂದ ಹೊರಟ ಪಲ್ಲಾ, ಇಂದಿನ ಪಾಕಿಸ್ತಾನದ ಸುಕ್ಕೂರಿನ ಬಳಿ ಸಿಂಧೂ ನದಿಯ ನಡುಗಡ್ಡೆಯಲ್ಲಿರುವ ಜಿಂದಾ ಪೀರರ (ಝೂಲೇಲಾಲರನ್ನೇ ಹೀಗೂ ಕರೆಯುತ್ತಾರೆ) ಸನ್ನಿಧಿಗೆ ಹೋಗಿ ನಮಸ್ಕರಿಸಿ ಬರುತ್ತದೆ ಎಂಬುದು ಸಿಂಧ್‌ನ ಜನರ ನಂಬಿಕೆ. ನಾನು ಈ ಕಥೆಯನ್ನು ಭಕ್ತಿಯ ಕಥೆಯಾಗಿ ಮಾತ್ರವಲ್ಲ, ಭೂಗೋಳದ ದಾಖಲೆಯಾಗಿಯೂ ಓದುತ್ತೇನೆ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಊರಿಗೆ ಈ ಮೀನು ವರ್ಷವೂ ಬರದಿದ್ದರೆ ಇಂಥ ಕಥೆಯೇ ಹುಟ್ಟುತ್ತಿರಲಿಲ್ಲ. ವಾಸ್ತವದಲ್ಲಿ ಅದು ಸುಕ್ಕೂರನ್ನೂ ದಾಟಿ ಮುಲ್ತಾನಿನವರೆಗೆ ಏರುತ್ತಿತ್ತು. 1932ರಲ್ಲಿ ಬಂದ ಸುಕ್ಕೂರ್ ಬ್ಯಾರೇಜ್, ಎಂದರೆ ನದಿಗೆ ಅಡ್ಡಲಾಗಿ ಕಟ್ಟಿದ ಗೇಟುಗಳ ಒಡ್ಡು, ಮುಲ್ತಾನಿನ ದಾರಿಯನ್ನು ಮುಚ್ಚಿತು. 1955ರಲ್ಲಿ, ಇನ್ನೂ ಕೆಳಗೆ, ಬಂದ ಕೋಟ್ರಿ ಬ್ಯಾರೇಜ್ ಸುಕ್ಕೂರಿನ ದಾರಿಯನ್ನೂ ಮುಚ್ಚಿತು. ಪಟದಲ್ಲಿ ಮಾತ್ರ ಮೀನು ಹಾಗೆಯೇ ಉಳಿದಿದೆ.

ಗಂಗೆಯಲ್ಲಿ ನಡೆದದ್ದೂ ಇದೇ. ಬಂಗಾಳ ಕೊಲ್ಲಿಯಲ್ಲಿ ಬೆಳೆದ ಹಿಲ್ಸಾ ಮುಂಗಾರಿನ ಕೆಂಪು ನೀರು ಇಳಿದು ಬಂದಾಗ ನದಿಯನ್ನೇರಿ, ಸಿಹಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಕೆಲವು ತಿಂಗಳು ನದಿಯಲ್ಲೇ ಬೆಳೆದು ಕಡಲಿಗೆ ಇಳಿಯುತ್ತವೆ. ಹೀಗೆ ಏರುತ್ತಾ ಅದು ಬಕ್ಸರ್, ಅಲಹಾಬಾದ್, ಕಾನ್ಪುರಗಳನ್ನು ಮುಟ್ಟುತ್ತಿತ್ತು. ಯಮುನೆಯಲ್ಲಿ ಆಗ್ರಾದವರೆಗೂ, ಕೆಲವೊಮ್ಮೆ ದೆಹಲಿಯವರೆಗೂ ಹೋಗುತ್ತಿತ್ತು. 1975ರಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್ ಕೆಲಸ ಆರಂಭಿಸಿದ ಮೇಲೆ ಅಲಹಾಬಾದಿನ ಮೀನುಗಾರರ ಬಲೆಗೆ ಹಿಲ್ಸಾ ಬೀಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಹೂಗ್ಲಿಯ ಹೂಳನ್ನು ತೊಳೆದು ಕೋಲ್ಕತ್ತಾ ಬಂದರನ್ನು ಉಳಿಸಲು ಕಟ್ಟಿದ ಈ ಬ್ಯಾರೇಜಿಗೆ 109 ಗೇಟುಗಳಿವೆ. ಗೇಟು ತೆರೆದಾಗ ಮೀನು ನುಸುಳಿ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಗೇಟಿನ ಅಡಿಯಿಂದ ನುಗ್ಗುವ ನೀರಿನ ರಭಸದೆದುರು ಈಜುವ ಶಕ್ತಿ ಹಿಲ್ಸಾಕ್ಕಿಲ್ಲ. ಸಾಲ್ಮನ್‌ನಂತೆ ಅದು ನೆಗೆಯುವ ಮೀನೂ ಅಲ್ಲ. ಒಡ್ಡನ್ನು ನೆಗೆದು ದಾಟಲೆಂದು ಸಾಲ್ಮನ್‌ಗಾಗಿ ರೂಪಿಸಿದ ಮೀನಿನ ಮೆಟ್ಟಿಲುಗಳನ್ನು ಇಲ್ಲಿ ತಂದು ಕಟ್ಟುವುದೆಂದರೆ, ಮೆಟ್ಟಿಲು ಹತ್ತಲಾರದವನ ಮನೆಗೆ ಮಹಡಿ ಕಟ್ಟಿದಂತೆ.

ನನ್ನ ವಾದ ಇಷ್ಟೇ. ಹಿಲ್ಸಾ ಬಂಗಾಳದ ಮೀನು ಎಂದು ನಾವು ಹೇಳುವಾಗ, ಬ್ಯಾರೇಜ್ ಹಾಕಿದ ಗಡಿಯನ್ನು ಪ್ರಕೃತಿ ಹಾಕಿದ ಗಡಿ ಎಂದು ನಂಬಿಬಿಟ್ಟಿರುತ್ತೇವೆ. ಬಾಂಗ್ಲಾದೇಶ 2017ರಲ್ಲಿ ತನ್ನ ಇಲಿಶ್‌ಗೆ ಭೌಗೋಳಿಕ ಸೂಚಿಕೆಯನ್ನೂ (ಜಿಐ ಟ್ಯಾಗ್) ಪಡೆಯಿತು. ಅದರಲ್ಲಿ ತಪ್ಪೇನಿಲ್ಲ, ಆ ದೇಶ ಮರಿಮೀನುಗಳನ್ನು ಕಾಯಲು ಪ್ರತಿವರ್ಷ ಬಲೆ ನಿಲ್ಲಿಸುವ ಕಟ್ಟುನಿಟ್ಟನ್ನು ಪಾಲಿಸುತ್ತಿದೆ. ಆದರೆ ಕಾನ್ಪುರದಲ್ಲಿ ಇಂದು ಹುಟ್ಟಿದ ಮಗುವಿಗೆ, ತನ್ನೂರಿನ ನದಿಯಲ್ಲಿ ಕಡಲಿನ ಮೀನು ಇರಬೇಕಾಗಿತ್ತು ಎಂಬ ಕೊರತೆಯೇ ಕಾಣುವುದಿಲ್ಲ. ಕಳೆದುಕೊಂಡದ್ದು ನೆನಪಿನಲ್ಲಿಲ್ಲದಿದ್ದರೆ ಪರಿಹಾರ ಕೇಳುವವರು ಯಾರು?

ಅಣೆಕಟ್ಟುಗಳೇ ಬೇಡ ಎನ್ನುವವನು ನಾನಲ್ಲ. 1836ರಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಾವೇರಿಯ ಕವಲಾದ ಕೊಳ್ಳಿಡಂ ನದಿಗೆ ಕಟ್ಟಿಸಿದ ಒಡ್ಡುಗಳಿಲ್ಲದೆ ತಂಜಾವೂರಿನ ಗದ್ದೆಗಳನ್ನು ಊಹಿಸುವುದು ಕಷ್ಟ. ಆದರೆ ಇಂಥ ಒಡ್ಡುಗಳು ಮೀನಿನ ದಾರಿ ಕಟ್ಟುತ್ತಿವೆ ಎಂದು ಬ್ರಿಟಿಷ್ ಮತ್ಸ್ಯತಜ್ಞ ಫ್ರಾನ್ಸಿಸ್ ಡೇ 1870ರ ದಶಕದಲ್ಲೇ ಸರ್ಕಾರಕ್ಕೆ ವರದಿ ಬರೆದಿದ್ದರು. ನೂರು ವರ್ಷಗಳ ನಂತರ ಫರಕ್ಕಾ ಕಟ್ಟಿದವರಿಗೆ ವಿಷಯ ತಿಳಿದಿರಲಿಲ್ಲ ಎನ್ನುವಂತಿಲ್ಲ.

ಈ ಲೆಕ್ಕ ನಮ್ಮ ಮನೆಬಾಗಿಲಿಗೂ ಬರುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋ. ಒಬ್ಬ ವಯಸ್ಕ ಮನುಷ್ಯನಷ್ಟು ತೂಗುವ ಮೀನು! ಮಹಶೀರ್ ಕಡಲಿಗೆ ಹೋಗುವುದಿಲ್ಲ. ಆದರೆ ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ, ಉಪನದಿಗಳ ಕಲ್ಲುಹಾಸಿನ ತಿಳಿನೀರಿಗೆ ಏರಲೇಬೇಕು. ಕಾವೇರಿ ಕಣಿವೆಗೆ ಮಾತ್ರ ಸೇರಿದ ಡುಬ್ಬದ ಮಹಶೀರ್‌ಗೆ 2018ರಲ್ಲಷ್ಟೇ ಖಚಿತ ವೈಜ್ಞಾನಿಕ ಹೆಸರು ದೊರಕಿತು. ಹೆಸರು ಸಿಗುವ ಹೊತ್ತಿಗೆ ಅದು ಅಳಿವಿನಂಚಿಗೆ ಬಂದಿತ್ತು. ಶಿವನಸಮುದ್ರದ ಜಲಪಾತ ನದಿಯೇ ಇಟ್ಟ ತಡೆ. ಅದರ ಮೇಲೆ ಕನ್ನಂಬಾಡಿ, ಕೆಳಗೆ 1934ರ ಮೆಟ್ಟೂರು, ಆಮೇಲೆ ಕಬಿನಿ ಜಲಾಶಯ, ಇವು ನಾವು ಇಟ್ಟವು.

ಈಗ ಮೇಕೆದಾಟು ಯೋಜನೆಯ ಮಾತು ನಡೆಯುತ್ತಿದೆ. ನೀರಿನ ಪಾಲಿನ ಬಗ್ಗೆ ಎರಡು ರಾಜ್ಯಗಳು ಟಿಎಂಸಿಗಳಲ್ಲಿ ವಾದಿಸುತ್ತಿವೆ; ಆ ಕಣಿವೆ ಈ ಮಹಶೀರ್‌ನ ನೆಲೆ ಎಂಬುದು ಸದನದಲ್ಲಿ ಕೇಳಿಬರುವುದೇ ಅಪರೂಪ. ಪರಿಸರ ವರದಿ ಬರೆಯುವವರು ಇಂದು ಅಲ್ಲಿ ಎಷ್ಟು ಮೀನಿದೆ ಎಂದು ಬಲೆ ಹಾಕಿ ಎಣಿಸಿ, ಆ ಚಿಕ್ಕ ಸಂಖ್ಯೆಯಿಂದಲೇ ನಷ್ಟದ ಲೆಕ್ಕ ಶುರುಮಾಡಿದರೆ ನಷ್ಟವೂ ಚಿಕ್ಕದಾಗಿಯೇ ಕಾಣುತ್ತದೆ. ಆ ವರದಿಯ ಮೊದಲ ನಕ್ಷೆ 1911ರ, ಎಂದರೆ ಕನ್ನಂಬಾಡಿಗೆ ಅಡಿಪಾಯ ತೋಡುವ ಮುಂಚಿನ ಕಾವೇರಿಯದ್ದಾಗಿರಬೇಕು, ಮತ್ತು ಅದರಲ್ಲಿ ಮೀನು ಎಲ್ಲಿಯವರೆಗೆ ಏರುತ್ತಿತ್ತು ಎಂಬ ಗೆರೆ ಎಳೆದಿರಬೇಕು ಎಂಬುದು ನನ್ನ ಒತ್ತಾಯ.