ಉಡಿಯ ಖಣದಿಂದ ಒಂದು ಪುಸ್ತಕ

ಕೇಳುಗರೇ, ನಮಸ್ಕಾರ.

ನಿಮ್ಮ ಮನೆಯ ಬೀರುವನ್ನು ಒಮ್ಮೆ ನೆನೆಸಿಕೊಳ್ಳಿ. ಸೀರೆಗಳ ಕೆಳಗೆ, ಒಂದು ಮೂಲೆಯಲ್ಲಿ, ಮಡಿಕೆ ಬಿಚ್ಚದ ಖಣಗಳ, ಅಂದರೆ ರವಿಕೆ ಬಟ್ಟೆಗಳ, ಗಂಟು ಇದೆ, ಅಲ್ವಾ? ಮದುವೆಗೆ ಹೋದಾಗ, ಕುಬಸಕ್ಕೆ ಹೋದಾಗ ನಿಮ್ಮ ಉಡಿ ತುಂಬಿದವು. ತೆಂಗಿನಕಾಯಿ ಚಟ್ನಿಯಾಯಿತು. ಅಕ್ಕಿ ಅನ್ನವಾಯಿತು. ಖಣ ಮಾತ್ರ ಹಾಗೇ ಉಳಿಯಿತು. ಇನ್ನೊಬ್ಬರ ಉಡಿ ತುಂಬುವ ದಿನ ಬಂದರೆ ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಮತ್ತೆಲ್ಲಿಗೋ. ಗುಳೇದಗುಡ್ಡದ ಮಗ್ಗದಲ್ಲಿ ಯಾರೋ ಕೂತು ತೇರು, ತುಳಸಿ ಎಂದು ಬುಟ್ಟಾ ಎತ್ತಿ ನೇಯ್ದ ಬಟ್ಟೆ ಅದು. ಅದು ಸುಮ್ನೆ ಮನೆಯಿಂದ ಮನೆಗೆ ಅಲೆಯುವುದು ನನಗೆ ಇಷ್ಟವಿಲ್ಲ. ಅದಕ್ಕೇ ಕತ್ತರಿ ಹಾಕಿದೆ.

ನನ್ನ ಚಿಕ್ಕವ್ವ ಸೋಬಾನೆ ಪದ ಹಾಡುತ್ತಾರೆ. ಮರೆಯುವ ಮುಂಚೆ ಬರೆದಿಡಬೇಕು ಎಂಬ ಆಸೆ ಅವರಿಗೆ. ಆದರೆ ಕಣ್ಣು ಮಂಜು. ಅಂಗಡಿಯ ನೋಟ್‌ಬುಕ್ಕಿನ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಅವರ ಕಣ್ಣಿಗೆ ಹೊಂದುವ ಪುಸ್ತಕವನ್ನು ಯಾವ ಅಂಗಡಿಯೂ ಇಟ್ಟಿರಲಿಲ್ಲ. ನಾನೇ ಮಾಡಿದೆ. 8 ಎ4 ಹಾಳೆ, ನಡುವೆ ಮಡಚಿದರೆ 32 ಪುಟ. ಪ್ರತಿ ಪುಟದಲ್ಲೂ ಎರಡೆರಡು ಸೆಂಟಿಮೀಟರಿಗೆ ಒಂದು ಗೆರೆ, ಕಪ್ಪು ಪೆನ್ನಿನಲ್ಲಿ, ದಪ್ಪಗೆ. ಗೆರೆ ಎಳೆಯಲು ಎರಡು ಸಂಜೆ ಬೇಕಾಯಿತು. ಆ ಎರಡು ಸಂಜೆಯೂ ಚಿಕ್ಕವ್ವನ ದನಿ ಕಿವಿಯಲ್ಲೇ ಇತ್ತು.

ರಟ್ಟಿಗೆ ಹಳೆಯ ಲಗ್ನಪತ್ರಿಕೆ ಸಾಕು. ಅದನ್ನು ಮಡಚುವ ಮುಂಚೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಸುಲಭವಾಗಿ ಬಗ್ಗುತ್ತದೆ, ಇನ್ನೊಂದು ಕಡೆ ಹಟ ಮಾಡುತ್ತದೆ. ಸುಲಭವಾಗಿ ಬಗ್ಗಿದಾಗ ಮಡಿಕೆ ಬೀಳುವ ಗೆರೆಯೇ ಕಾಗದದ ಎಳೆ ಓಡುವ ದಿಕ್ಕು. ಸುಲಭವಾದ ಕಡೆಗೇ ಮಡಚಿ, ಬೆನ್ನು ಸೀಳುವುದಿಲ್ಲ. ಮಡಿಕೆಯ ಜಾಗದಲ್ಲಿ ಮೊದಲು ಶಾಯಿ ಮುಗಿದ ಪೆನ್ನಿನಿಂದ ಒತ್ತಿ ಒಂದು ಗೀರು ಎಳೆದರೆ ಇನ್ನೂ ಚೆಂದ.

ಅಂಟು ಮನೆಯದೇ. ಒಂದು ಚಮಚ ಮೈದಾ, ಐದು ಚಮಚ ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿ. ಬಿಳಿ ಹೋಗಿ ಗಾಜಿನಂತೆ ಹೊಳೆಯತೊಡಗಿದಾಗ ಇಳಿಸಿ, ಆರಿಸಿ. ಅಂಟನ್ನು ರಟ್ಟಿಗೆ ಹಚ್ಚಿ, ಬಟ್ಟೆಗೆ ಬೇಡ. ಬಟ್ಟೆಗೆ ಹಚ್ಚಿದರೆ ಅದು ಎಳೆಯ ನಡುವಿಂದ ಮೇಲೆ ಬಂದು ಕಲೆಯಾಗುತ್ತದೆ. ತೆಳ್ಳಗೆ ಹಚ್ಚಿ, ಖಣ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ. ಸುತ್ತಲೂ ಎರಡು ಸೆಂಟಿಮೀಟರ್ ಬಟ್ಟೆ ಜಾಸ್ತಿ ಬಿಟ್ಟಿರಬೇಕು, ಒಳಗೆ ಮಡಚಿ ಅಂಟಿಸಲು. ಒಂದು ರಾತ್ರಿ ಒರಳುಕಲ್ಲಿನ ಗುಂಡಿನ ಕೆಳಗೋ ದಪ್ಪ ಪುಸ್ತಕಗಳ ಕೆಳಗೋ ಇಟ್ಟುಬಿಡಿ.

ಹೊಲಿಗೆಗೆ ಮೂರೇ ತೂತು. ಹಾಳೆಗಳನ್ನು ರಟ್ಟಿನೊಳಗೆ ಕೂರಿಸಿ, ಮಡಿಕೆಯ ಮೇಲೆ ನಡುವೆ ಒಂದು, ಮೇಲೊಂದು, ಕೆಳಗೊಂದು ಚುಚ್ಚಿ. ಸೂಜಿ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ಬರಲಿ, ಮೇಲಿನ ತೂತಲ್ಲಿ ಒಳಗೆ ಹೋಗಲಿ. ಅಲ್ಲಿಂದ ನಡುವಿನ ತೂತನ್ನು ದಾಟಿ ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಒಳಗೆ ಉದ್ದಕ್ಕೂ ಓಡಿದ ದಾರದ ಆಚೆ ಈಚೆ ಎರಡು ತುದಿ ಸಿಗುತ್ತವೆ. ಅದರ ಮೇಲೆ ಗಂಟು ಹಾಕಿ. ಇಷ್ಟೇ.

ಬಣ್ಣದ ಮಾತು ಹೇಳಲೇಬೇಕು. ಗೆಳತಿಯ ಮಗುವಿಗೆ ಒಂದು ಪುಟ್ಟ ಕೌದಿ ಹೊಲಿದಿದ್ದೆ. ಅವಳ ಅವ್ವನ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಾಡಿ, ಅಂಚಿಗೆ ಹೊಸ ಕೆಂಪು ಬಟ್ಟೆ ಕೊಟ್ಟೆ. ಮೊದಲ ಒಗೆತದಲ್ಲೇ ಕೆಂಪು ಇಳಿದು ಇಡೀ ಕೌದಿ ಗುಲಾಬಿಯಾಯಿತು. ಆ ದಿನ ನನಗೆ ಅಳು ಬಂದಿತ್ತು. ಈಗ ಯಾವ ಹೊಸ ಬಟ್ಟೆಯನ್ನೂ ಮೊದಲು ಒದ್ದೆ ಮಾಡಿ ಬಿಳಿ ಅರಿವೆಯಲ್ಲಿ ಒತ್ತಿ ನೋಡುತ್ತೇನೆ. ಬಣ್ಣ ಅಂಟಿದರೆ ಆ ಬಟ್ಟೆ ಪುಸ್ತಕಕ್ಕೆ, ಮಗುವಿಗೆ ಅಲ್ಲ. ಮಗುವಿಗೆ ನೂರು ಸಲ ಒಗೆದ ಸೀರೆಯೇ ಸರಿ. ಅದು ಮೆತ್ತಗಿರುತ್ತದೆ, ಸೂಜಿಯೂ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಪುಟ್ಟ ಹೂವು ಕೂರಿಸುತ್ತಾರೆ. ಅದಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬರಿದು. ಆ ಹೂವು ಚಳಿಗೇನೂ ಮಾಡದು. ಆದರೂ ಹೊದೆಯುವವರ ಮೇಲಿನ ಅಕ್ಕರೆ ನನಗೆ ಅಲ್ಲೇ ಜಾಸ್ತಿ ಕಾಣುತ್ತದೆ. ಅವರನ್ನು ನೋಡಿಯೇ ಚಿಕ್ಕವ್ವನ ಪುಸ್ತಕದ ಮೂಲೆಗೂ ಒಂದು ಹೂವು ಹೊಲಿದೆ.

ಪುಸ್ತಕ ಕೊಟ್ಟು ಮೂರು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಎಷ್ಟು ಪದ ಬರೆದಿರಿ ಎಂದು ಕೇಳಿದೆ. ಬೀರು ತೆಗೆದು ತೋರಿಸಿದರು. ಸೀರೆಗಳ ಕೆಳಗೆ, ಖಣದ ಗಂಟಿನ ಜೊತೆ, ನನ್ನ ಪುಸ್ತಕ ಹಾಗೇ ಮಡಿಯಾಗಿ ಕೂತಿತ್ತು. "ಇಷ್ಟು ಚೆಂದದ್ದರಲ್ಲಿ ಹೆಂಗ ಬರೀಲೆವ್ವಾ" ಎಂದರು.

ಮನೆಗೆ ಬಂದು ಇನ್ನೊಂದು ಮಾಡಿದೆ, ಅದೇ ಗೆರೆ, ಅದೇ ಹೊಲಿಗೆ. ಈ ಸಲ ಮೊದಲ ಪುಟದಲ್ಲಿ ಅವರು ನನಗೆ ಕಲಿಸಿದ ಪದದ ಒಂದು ಸಾಲನ್ನು ನಾನೇ ಬರೆದು ಕೊಟ್ಟೆ, ಬೇಕೆಂದೇ ಒಂದು ಮಾತು ತಪ್ಪಾಗಿ. ಅವರು ಕೂಡಲೇ ಪೆನ್ನು ಕೇಳಿದರು.